ತೆಗಿ ಎಂದವಳು ನಾನೇ

ಆಸ್ಪತ್ರೆಯ ಮಂಚದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನನ್ನ ತಮ್ಮ ಮುನಿರಾಜು ನನ್ನನ್ನು ಒಂದು ಮಾತು ಕೇಳಿದ. ಅದಕ್ಕೆ ಉತ್ತರ ಗೊತ್ತಿದ್ದವರು ಇಬ್ಬರೇ, ಅವರಲ್ಲಿ ನಾನೊಬ್ಬಳು. ನಾನು ನಿಜ ಹೇಳಲಿಲ್ಲ. ಅವತ್ತು ಹೇಳಲಿಲ್ಲ, ಮಾರನೆಯ ದಿನ ಹೇಳಲಿಲ್ಲ. ಪಟ್ಟಿ ಬಿಚ್ಚಿದ ಡಾಕ್ಟರು, ಎಡಗಣ್ಣಿಗೆ ಇನ್ನು ಬೆಳಕು ಮಾತ್ರ ತಿಳಿಯುತ್ತದೆ, ಆಕಾರ ತಿಳಿಯುವುದಿಲ್ಲ ಎಂದ ದಿನವೂ ಹೇಳಲಿಲ್ಲ.

ಹೀಗೆ ಏಳು ವರ್ಷವಾಯಿತು. ಈ ಏಳು ವರ್ಷದಲ್ಲಿ ನಾನು ಬೈಯದ ಜನವಿಲ್ಲ. ಕ್ಯಾಂಪು ನಡೆಸುತ್ತಿದ್ದವನನ್ನು ಬೈದೆ, ಅವನ ಗಿರಾಕಿಗಳನ್ನು ಬೈದೆ, ಇಂಗ್ಲಿಷ್ ಓದಿದವರನ್ನೆಲ್ಲ ಒಟ್ಟಿಗೆ ಸೇರಿಸಿ ಬೈದೆ. ಬೈದದ್ದು ಸುಳ್ಳಲ್ಲ, ಅವರು ಅದಕ್ಕೆ ಯೋಗ್ಯರೇ. ಆದರೆ ಎಲ್ಲರಿಗಿಂತ ಮೊದಲು ಬರಬೇಕಾದ ಹೆಸರನ್ನು ಬಿಟ್ಟು ಬೈಯುತ್ತಿದ್ದೆ.

ಹೋದ ಬುಧವಾರ ತ್ಯಾಗರಾಜನಗರದ ಒಂದು ಮನೆಗೆ ಯುಪಿಎಸ್ ಬ್ಯಾಟರಿ ನೋಡಲು ಹೋಗಿದ್ದೆ. ಗೇಟು ತಳ್ಳುವಾಗಲೇ ಮೂಗಿಗೆ ಬಡಿಯಿತು, ಕೊಳೆತ ಮೊಟ್ಟೆಯ ವಾಸನೆ. ಮನೆಯಾಕೆ, "ಮೂರು ದಿನದಿಂದ ಎಲ್ಲೋ ಇಲಿ ಸತ್ತಿದೆ ಅಂತ ಹುಡುಕ್ತಾ ಇದೀವಮ್ಮ, ಬೀರು ಮಂಚ ಎಲ್ಲ ಸರಿಸಿದ್ವಿ" ಎಂದರು. ಇಲಿಯಲ್ಲ. ಮೆಟ್ಟಿಲ ಕೆಳಗೆ ಬ್ಯಾಟರಿ ಕುದಿಯುತ್ತಿತ್ತು. ಹೊಟ್ಟೆ ತುಂಬಿದ ಮೇಲೂ ಕರೆಂಟು ಕುಡಿಸುತ್ತಲೇ ಹೋದರೆ ಬ್ಯಾಟರಿ ಹಾಗೆ ಕುದಿಯುತ್ತದೆ, ಒಳಗಿನಿಂದ ಗ್ಯಾಸು ಏಳುತ್ತದೆ. ಆ ಗ್ಯಾಸಿಗೆ ಒಂದು ಕಿಡಿ ಸಾಕು. ನನ್ನ ಜೊತೆಗೆ ಮುನಿಯ ಮಗಳು ಚೈತ್ರ ಬಂದಿದ್ದಳು, ಅಪ್ಪನಿಗೆ ಹೇಳದೆ. ಅಲ್ಲಿ ಆದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ವಾಸನೆ ನನ್ನನ್ನು ಎಳೆದುಕೊಂಡು ಹೋದ ಚಳಿಗಾಲದ ಮಾತು ಮುಗಿಸಬೇಕು.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಬ್ಯಾಟರಿ ಅಂಗಡಿ. ಬಸ್ ಡಿಪೋದಲ್ಲಿ ಬ್ಯಾಟರಿ ಕೆಲಸ ಮಾಡಿ ನಿವೃತ್ತರಾದ ಅಪ್ಪ ಇಟ್ಟದ್ದು. ಅಮ್ಮ ಹೋದಾಗ ನಾನು ಆರನೇ ತರಗತಿ, ಮುನಿ ಮೂರು ವರ್ಷದ ಕೂಸು. ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಅಪ್ಪ ಅಂಗಡಿ ಇಟ್ಟ ಮೇಲೆ ಅಲ್ಲೇ ಮತ್ತೆ ಓದಿದೆ ಎನ್ನಬೇಕು. ಬ್ಯಾಟರಿಯ ನೀರನ್ನು ಗಾಜಿನ ಕೊಳವೆಗೆ ಎಳೆದು, ಒಳಗೆ ತೇಲುವ ಕಡ್ಡಿ ಎಷ್ಟು ಮೇಲೆ ನಿಂತಿದೆ ಎಂದು ನೋಡಿ, ಇದು ಬದುಕುತ್ತದೋ ಸಾಯುತ್ತದೋ ಹೇಳುವುದನ್ನು ಅಪ್ಪ ಇಬ್ಬರಿಗೂ ಕಲಿಸಿದರು. ಅಪ್ಪ ಹೋದ ಮೇಲೆ ಅಂಗಡಿ ನನ್ನದು ಮತ್ತು ಮುನಿಯದು. ಮನೆ ಅಂಗಡಿಯ ಹಿಂದೆಯೇ. ಮುನಿ, ಅವನ ಹೆಂಡತಿ ಮಂಗಳ, ಚೈತ್ರ, ನಾನು.

ಅಪ್ಪನ ಕಾಲದ ಕಬ್ಬಿಣದ ಚಾರ್ಜರು ಈಗಲೂ ಇದೆ. ಆರೆಂಟು ಬ್ಯಾಟರಿಗಳನ್ನು ಕೈ ಕೈ ಹಿಡಿದ ಮಕ್ಕಳ ಹಾಗೆ ಸಾಲಾಗಿ ಜೋಡಿಸಿ, ಒಂದೇ ಸಲ ಚಾರ್ಜಿಗೆ ಹಾಕುತ್ತೇವೆ. ಸಾಲಿನ ಮಧ್ಯೆ ಒಂದು ತುಂಬಿತು ಎಂದರೆ ಅದನ್ನು ಬಿಡಿಸಿ ತೆಗೆಯಬೇಕು. ಕರೆಂಟು ಹರಿಯುತ್ತಿರುವಾಗ ಕ್ಲಿಪ್ಪು ಕಿತ್ತರೆ ಕಿಡಿ ಹಾರುತ್ತದೆ, ಕುದಿಯುವ ಬ್ಯಾಟರಿಯ ಮೇಲೆ ಕಿಡಿ ಹಾರಿದರೆ ಅದು ಸಿಡಿಯುತ್ತದೆ. ಅದಕ್ಕೇ ಅಪ್ಪ ಡಿಪೋದಿಂದ ಒಂದು ಪದ್ಧತಿ ತಂದಿದ್ದರು. ಕ್ಲಿಪ್ಪಿನ ಹತ್ತಿರ ಇರುವವರು "ತೆಗೀಲಾ?" ಎಂದು ಕೂಗಿ ಕೇಳಬೇಕು. ಚಾರ್ಜರಿನ ಹತ್ತಿರ ಇರುವವರು ಸ್ವಿಚ್ಚು ಆರಿಸಿ, ಕೈಯನ್ನು ಸ್ವಿಚ್ಚಿನ ಮೇಲೇ ಇಟ್ಟುಕೊಂಡು, "ತೆಗಿ" ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಕ್ಲಿಪ್ಪು ಮುಟ್ಟುವ ಹಾಗಿಲ್ಲ, ಬಿದ್ದ ಮೇಲೆ ಇನ್ನೊಮ್ಮೆ ನೋಡುವ ಅಗತ್ಯವೂ ಇಲ್ಲ. ಒಬ್ಬರ ಕಣ್ಣು ಇನ್ನೊಬ್ಬರ ಬಾಯಿಯಲ್ಲಿರುತ್ತದೆ ಎನ್ನುತ್ತಿದ್ದರು ಅಪ್ಪ. ರಸ್ತೆಯಲ್ಲಿ ಹೋಗುವವರು ನಮ್ಮ ಕೂಗಾಟ ಕೇಳಿ ನಗುತ್ತಿದ್ದರು. ಎದುರಿನ ಟೀ ಅಂಗಡಿಯವನು ಗ್ಲಾಸು ವಾಪಸು ತೆಗೆದುಕೊಳ್ಳುವಾಗಲೂ "ತೆಗೀಲಾ ಅಕ್ಕ?" ಎಂದು ಅಣಕಿಸುತ್ತಿದ್ದ. ನಾನೂ "ತೆಗಿ" ಎನ್ನುತ್ತಿದ್ದೆ. ಆ ಮಾತು ನಾಲಿಗೆಗೆ ಅಷ್ಟು ಅಭ್ಯಾಸವಾಗಿತ್ತು. ಅದೇ ಮುಳುವಾಯಿತು.

ಆ ವರ್ಷ ಅವರೆಕಾಯಿ ಶುರುವಾಗುವ ಹೊತ್ತಿಗೆ ವಿನಯ್ ಎಂಬುವನು ಅಂಗಡಿಗೆ ಬಂದ. ಮೂವತ್ತೈದರ ಒಳಗಿನವನು, ಮಲ್ಲೇಶ್ವರದ ಕಡೆಯವನು. ಕನಕಪುರ ರಸ್ತೆಯಲ್ಲಿ ಒಂದು ಕೆರೆಯ ಪಕ್ಕ ಜಾಗ ಹಿಡಿದು, ನಾಲ್ಕು ಹಳೆಯ ಜೀಪು ಇಟ್ಟುಕೊಂಡು, ಶನಿವಾರ ಭಾನುವಾರ ಜನರನ್ನು ಕರೆದುಕೊಂಡು ಹೋಗಿ ಟೆಂಟಿನಲ್ಲಿ ಮಲಗಿಸುತ್ತಿದ್ದ. ಊರಿನಲ್ಲಿ ಮನೆ ಇದ್ದವರು ದುಡ್ಡು ಕೊಟ್ಟು ನೆಲದ ಮೇಲೆ ಮಲಗುತ್ತಾರೆ ಎಂದು ಕೇಳಿ ಮಂಗಳ ಎರಡು ದಿನ ನಕ್ಕಳು.

"ಅಕ್ಕ, ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗಲ್ಲ. ಟಕ್ ಟಕ್ ಅನ್ನುತ್ತೆ, ಅಷ್ಟೆ" ಎಂದ ವಿನಯ್.

"ರಾತ್ರಿ ಅದಕ್ಕೆ ಏನೇನು ಹಾಕಿರ್ತೀರ?"

"ಲೈಟು, ಸ್ಪೀಕರು, ಒಂದು ಸಣ್ಣ ಫ್ರಿಜ್ಜು. ಗೆಸ್ಟ್ ಕೇಳ್ತಾರಲ್ಲ."

ಮುನಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಸಾರ್, ಗಾಡಿ ಬ್ಯಾಟರಿ ಇರೋದು ಎಂಜಿನ್ ಎಬ್ಬಿಸೋಕೆ. ನೀವು ಅದ್ರಲ್ಲಿ ಮದುವೆ ಮನೆ ನಡೆಸ್ತಾ ಇದೀರ" ಎಂದ.

ವಿನಯ್ ಹೊತ್ತು ತಂದದ್ದು ಕೆಂಪು ಬಣ್ಣದ ಸಣ್ಣ ಪೆಟ್ರೋಲ್ ಜನರೇಟರು, ಸೂಟ್‌ಕೇಸಿನ ಹಾಗೆ ಹಿಡಿಕೆ ಇರುವಂಥದ್ದು. ಅದರಲ್ಲೇ ಬ್ಯಾಟರಿಗೆ ಎಂದು ಒಂದು ತೂತು ಇತ್ತು. ಹಿಂದಿನ ವಾರ ಒಂದು ಬ್ಯಾಟರಿಯನ್ನು ಅದಕ್ಕೆ ಸಿಕ್ಕಿಸಿ ಒಂದು ಗಂಟೆಯಲ್ಲಿ ತೆಗೆದಿದ್ದನಂತೆ, ಗಾಡಿ ಎದ್ದಿರಲಿಲ್ಲ. ಇನ್ನೊಂದನ್ನು ಮರೆತು ಇಡೀ ದಿನ ಬಿಟ್ಟಿದ್ದನಂತೆ, ಅದು ಹೊಟ್ಟೆ ಉಬ್ಬಿಸಿಕೊಂಡು ಸತ್ತಿತ್ತು. ನಾನು ಹೇಳಿದೆ, "ಆ ತೂತಲ್ಲಿ ಬರೋ ಕರೆಂಟು ಸಣ್ಣದು, ಹೊತ್ತು ಹಿಡಿಯುತ್ತೆ. ಮತ್ತೆ ನಿಮ್ ಫೋನ್ ಥರ ತುಂಬ್ತು ಅಂತ ಅದಕ್ಕೆ ತಾನಾಗಿ ತಿಳಿಯಲ್ಲ. ಯಾರಾದ್ರೂ ಕೂತು ನೋಡ್ತಿರ್ಬೇಕು. ಲೈಟಿಗೆ ಬೇರೆ ಬ್ಯಾಟರಿ ಇಡಿ, ಗಾಡೀದು ಮುಟ್ಬೇಡಿ."

"ಅದೆಲ್ಲ ಮುಂದಿನ ವರ್ಷ ನೋಡೋಣ. ಈ ಸೀಸನ್ ನೀವೇ ಬಂದ್ಬಿಡಿ ಅಕ್ಕ. ಜನರೇಟರ್ ನಂದು, ಚಾರ್ಜರ್ ನಿಮ್ದು."

ಹೀಗೆ ಆ ಚಳಿಗಾಲ ಪ್ರತಿ ಭಾನುವಾರ ಬೆಳಗಿನ ಜಾವ ನಾವಿಬ್ಬರೂ ಹಳೆಯ ವ್ಯಾನಿನಲ್ಲಿ ಅಪ್ಪನ ಚಾರ್ಜರು ಏರಿಸಿಕೊಂಡು ಹೊರಡುತ್ತಿದ್ದೆವು. ಗಾಂಧಿಬಜಾರಿನಲ್ಲಿ ಹೂವಿನವರು ಆಗಷ್ಟೇ ಮೂಟೆ ಬಿಚ್ಚುತ್ತಿರುತ್ತಿದ್ದರು. ಮಂಗಳ ಕಟ್ಟಿಕೊಟ್ಟ ಹಿತಕಿದ ಅವರೆಬೇಳೆ ಸಾರಿನ ಕ್ಯಾರಿಯರು ನನ್ನ ಕಾಲ ಬಳಿ ಬೆಚ್ಚಗೆ ಇರುತ್ತಿತ್ತು. ವ್ಯಾನು ಓಡಿಸುವುದೆಂದರೆ ಮುನಿಗೆ ಪ್ರಾಣ. ಕೆರೆ ಕಾಣುವ ತಿರುವಿನಲ್ಲಿ ನಿಧಾನ ಮಾಡಿ, ನೀರಿನ ಮೇಲಿನ ಮಂಜು ನೋಡಿ, "ದುಡ್ಡು ಕೊಡ್ದೇ ನಾವೂ ಟೂರಿಗೆ ಬಂದಂಗೇ ಅಲ್ವಾ ಅಕ್ಕ" ಎನ್ನುತ್ತಿದ್ದ. ನನ್ನ ಬದುಕಿನಲ್ಲಿ ಅದು ಒಳ್ಳೆಯ ಕಾಲ. ಅದನ್ನೂ ಹೇಳಬೇಕು.

ಕೆಲಸದ ಕ್ರಮ ಹೀಗಿತ್ತು. ಜನರೇಟರನ್ನು ಟೆಂಟುಗಳಿಂದ ದೂರ, ಒಂದು ಬಂಡೆಯ ಹಿಂದೆ, ಗಾಳಿ ಆ ಕಡೆಗೆ ಹೋಗುವ ಹಾಗೆ ಇಡುವುದು. ಅದರ ಪಕ್ಕ ಚಾರ್ಜರು. ಬಂಡೆಯ ಇನ್ನೊಂದು ಮಗ್ಗುಲಲ್ಲಿ, ಟೆಂಟುಗಳಿಗೆ ಕಾಣದ ಕಡೆ, ನಾಲ್ಕೂ ಜೀಪಿನ ಬ್ಯಾಟರಿ ಬಿಚ್ಚಿ, ಹಲಗೆಯ ಮೇಲೆ ಸಾಲಾಗಿಟ್ಟು, ಮುನಿ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು. ನಾನು ಚಾರ್ಜರಿನ ಹತ್ತಿರ. ಇಬ್ಬರಿಗೂ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಜನರೇಟರಿನ ಸದ್ದು ಯಾವಾಗಲೂ ಇರುತ್ತಿತ್ತು, ಅದರಲ್ಲಿ ಅಡುಗೆಯವರ ಮಿಕ್ಸಿಯೂ ಓಡುತ್ತಿತ್ತು. ಸದ್ದು ನಿಂತಿದೆಯೋ ಇಲ್ಲವೋ ಕೇಳಿ ಮುನಿಗೆ ಏನೂ ತಿಳಿಯುವಂತಿರಲಿಲ್ಲ. ಅವನಿಗೆ ಇದ್ದದ್ದು ನನ್ನ ಮಾತೊಂದೇ.

ವಿನಯನಿಗೆ ಜನರೇಟರು ದೂರ ಇರುವುದೇ ಕಿರಿಕಿರಿ. ವೈರು ಸಾಲುವುದಿಲ್ಲ, ಗೆಸ್ಟುಗಳ ಫೋನಿಗೆ ಸಿಗುವುದಿಲ್ಲ. "ಇದರ ಹೊಗೆ ಕಣ್ಣಿಗೂ ಕಾಣಲ್ಲ, ಮೂಗಿಗೂ ಬರಲ್ಲ ವಿನಯ್. ಮುಚ್ಚಿದ ಟೆಂಟಿಗೆ ನುಗ್ಗಿದ್ರೆ ಮಲಗಿದವರು ಏಳಲ್ಲ" ಎಂದು ಪ್ರತಿ ವಾರ ಹೇಳುತ್ತಿದ್ದೆ. ಅವನು ತಲೆ ಆಡಿಸುತ್ತಿದ್ದ. ಮೂರನೇ ವಾರ ಒಂದು ಇಂಗ್ಲಿಷ್ ಕಾಗದ ತಂದು ಸಹಿ ಹಾಕಿಸಿಕೊಂಡ. ಏನಿದು ಎಂದರೆ, "ಸುಮ್ನೆ ಫಾರ್ಮಾಲಿಟಿ ಅಕ್ಕ" ಎಂದ. ಹಾಕಿದೆ. ನನ್ನ ಸಹಿ ಆಗಲೂ ಆರನೇ ತರಗತಿಯ ಹುಡುಗಿಯದೇ.

ಸಂಕ್ರಾಂತಿ ಕಳೆದ ಎರಡನೇ ಭಾನುವಾರ. ಬ್ಯಾಟರಿಗಳು ಅವತ್ತು ತೀರ ಬಸವಳಿದಿದ್ದವು. ಸಾಲು ಜೋಡಿಸಿ, ಚಾರ್ಜರು ಹಾಕಿ, ಎರಡು ಮೂರು ಗಂಟೆ ಕಾದ ಮೇಲೆ, ಮುನಿಗೆ ಹೇಳಿ ನಾನು ಟೀ ತರಲು ಅಡುಗೆಯವರ ಕಡೆ ಹೋದೆ. ಹತ್ತು ನಿಮಿಷವೂ ಆಗಿರಲಿಲ್ಲ. ವಾಪಸು ಬರುವಾಗ ಸದ್ದು ಬೇರೆ ಕಡೆಯಿಂದ ಬರುತ್ತಿತ್ತು. ನೋಡಿದರೆ ವಿನಯನ ಆಳುಗಳು ಜನರೇಟರನ್ನು ಬಂಡೆಯ ಹಿಂದಿನಿಂದ ಎತ್ತಿ ಒಂದು ದೊಡ್ಡ ಟೆಂಟಿನ ಬಾಗಿಲಿಗೇ ತಂದಿಟ್ಟಿದ್ದರು. ಇನ್ನೊಂದು ಉದ್ದದ ವೈರು ಚಾರ್ಜರಿಗೆ ಹಾಗೇ ಹೋಗುತ್ತಿತ್ತು. ಟೆಂಟಿನೊಳಗೆ ಯಾರೋ ಹೆಣ್ಣುಮಗಳು ಮಷೀನಿನಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಅವಳ ಪಕ್ಕ ಇನ್ನೂ ಮೂರು ಜನ ಮುಸುಕು ಹೊದ್ದು ಮಲಗಿದ್ದರು, ಒಂದು ಮಗುವೂ ಇತ್ತು. ಹೊಗೆಯ ಕೊಳವೆ ನೇರ ಬಾಗಿಲ ಕಡೆಗೆ.

ನನಗೆ ಮೈಯೆಲ್ಲ ಉರಿಯಿತು. ಆ ಉರಿ ತಪ್ಪಲ್ಲ ಎಂದು ಇವತ್ತೂ ಹೇಳುತ್ತೇನೆ.

"ಯಾರು ಇಟ್ಟಿದ್ದು ಇದನ್ನ ಇಲ್ಲಿ?"

ವಿನಯ್ ಕಾಫಿ ಕಪ್ಪು ಹಿಡಿದು ಬಂದ. "ಐದೇ ನಿಮಿಷ ಅಕ್ಕ. ವೈರ್ ಸಾಲ್ತಿರ್ಲಿಲ್ಲ."

"ಐದು ನಿಮಿಷದಲ್ಲಿ ಒಳಗಿರೋ ಮಗು ಸತ್ತೋಗುತ್ತೆ. ನಾನು ಎಷ್ಟು ಸಲ ಹೇಳಿದೀನಿ?"

"ಮೆಲ್ಲಗೆ ಮಾತಾಡಿ, ಗೆಸ್ಟ್ ಮಲಗಿದಾರೆ." ಆಮೇಲೆ ಪಕ್ಕದಲ್ಲಿ ನಿಂತಿದ್ದ ಒಬ್ಬ ಗೆಸ್ಟಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು. ನನಗೆ ಇಂಗ್ಲಿಷ್ ಬಾರದು, ಆದರೆ ಯಾವ ನಗೆ ಯಾರ ಮೇಲೆ ಎಂದು ತಿಳಿಯಲು ಇಂಗ್ಲಿಷ್ ಬೇಕಿಲ್ಲ. "ಅಕ್ಕ, ಅವ್ರು ಎಂಜಿನಿಯರು. ಓದಿದೋರಿಗೆ ಗೊತ್ತಿರುತ್ತೆ ಬಿಡಿ, ನೀವು ಟೆನ್ಷನ್ ತಗೋಬೇಡಿ" ಎಂದ.

ಜನರೇಟರು ನನ್ನ ಕಾಲಿನ ಹತ್ತಿರವೇ ಇತ್ತು. ಬಗ್ಗಿ ಅದರ ಗುಂಡಿ ಒತ್ತಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಹೊಗೆಯೂ ನಿಲ್ಲುತ್ತಿತ್ತು, ಬಂಡೆಯ ಹಿಂದಿನ ಚಾರ್ಜರೂ ಆರುತ್ತಿತ್ತು. ನಾನು ಬಗ್ಗಲಿಲ್ಲ. ಇವನೇ ಬಗ್ಗಬೇಕು, ನಕ್ಕವನೇ ತನ್ನ ಕೈಯಿಂದ ಆರಿಸಬೇಕು ಎಂಬ ಹಟ ನನ್ನ ತಲೆಗೇರಿತು. "ಇಟ್ಟೋರು ನೀವು, ನೀವೇ ಆಫ್ ಮಾಡಿ. ಓದಿದೀರಲ್ಲ, ಮಾಡಿ" ಎಂದೆ. ಎದೆಯ ಮೇಲೆ ಕೈ ಕಟ್ಟಿ ನಿಂತೆ.

ಅದೇ ಹೊತ್ತಿಗೆ ಬಂಡೆಯ ಆ ಕಡೆಯಿಂದ ಮುನಿಯ ಕೂಗು ಬಂತು. "ತೆಗೀಲಾ ಅಕ್ಕ?"

ಮೂರನೇ ಬ್ಯಾಟರಿ ತುಂಬಿ ಕುದಿಯುತ್ತಿತ್ತಂತೆ. ಅವನು ಕೇಳಿದ. ಸರಿಯಾಗಿ, ಜೋರಾಗಿ, ಅಪ್ಪ ಕಲಿಸಿದ ಹಾಗೆ ಕೇಳಿದ. ನಾನು ಇನ್ನೂ ಚಾರ್ಜರಿನ ಹತ್ತಿರಕ್ಕೆ ವಾಪಸು ಬಂದಿಲ್ಲ ಎಂದು ಅವನಿಗೆ ಗೊತ್ತಿಲ್ಲ. ವಿನಯ್ ಸೋತ ಮುಖ ಮಾಡಿ ಕಪ್ಪನ್ನು ನೆಲಕ್ಕಿಟ್ಟ. ಇನ್ನೇನು ಬಗ್ಗುತ್ತಾನೆ, ಆರಿಸುತ್ತಾನೆ ಎಂದುಕೊಂಡೆ. ಅವನ ಮುಖದಿಂದ ಕಣ್ಣು ಕೀಳದೆಯೇ, ಕತ್ತು ಕೂಡ ತಿರುಗಿಸದೆಯೇ, "ತೆಗಿ" ಎಂದು ಕೂಗಿದೆ.

ವಿನಯನ ಫೋನು ಹೊಡೆದುಕೊಂಡಿತು. ಒಂದು ಬೆರಳು ಎತ್ತಿ ನನಗೆ ತಾಳಿ ಎಂದು ತೋರಿಸಿ, ಆ ಕಡೆ ತಿರುಗಿದ.

ಸದ್ದು ದೊಡ್ಡದಲ್ಲ. ಒಂದು ಲಕ್ಷ್ಮಿ ಪಟಾಕಿಯಷ್ಟು. ಆಮೇಲೆ ಮುನಿಯ ಕೂಗು.

ಆಮೇಲೆ ಮಾಡಿದ್ದನ್ನೆಲ್ಲ ಸರಿಯಾಗಿಯೇ ಮಾಡಿದೆ. ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನುಗಳನ್ನು ಒಂದಾದ ಮೇಲೊಂದು ಅವನ ಮುಖಕ್ಕೆ ಸುರಿದೆ. "ಕಣ್ಣು ಬಿಡೋ, ಕಣ್ಣು ಬಿಡೋ" ಎಂದು ರೆಪ್ಪೆ ಬಿಡಿಸಿ ಹಿಡಿದು ಸುರಿದೆ. ಅವನ ಅಂಗಿ ಆಸಿಡ್ಡಿಗೆ ಹರಿದು ಚಿಂದಿಯಾಗಿತ್ತು. ಬಲಗಣ್ಣು ಉಳಿದದ್ದು ಆ ನೀರಿನಿಂದ ಎಂದು ಡಾಕ್ಟರು ಹೊಗಳಿದರು. ನನ್ನನ್ನು ಹೊಗಳಿದರು. "ನಿಮ್ಮಕ್ಕ ಇಲ್ಲದಿದ್ರೆ ಎರಡೂ ಹೋಗ್ತಿತ್ತು ಕಣಪ್ಪ" ಎಂದು ಅವನ ಎದುರೇ ಹೇಳಿದರು. ಆ ಮಾತಿಗೆ ಆಗಲೂ ತಲೆ ತಗ್ಗಿಸಿದೆ. ಅವರು ಅದನ್ನು ಸಂಕೋಚ ಎಂದುಕೊಂಡರು.

ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಬರೆದುಕೊಳ್ಳಲು ಕೇಳಿದಾಗ ವಿನಯ್ ನನಗಿಂತ ಮೊದಲು ಬಾಯಿ ಬಿಟ್ಟ. "ಕರೆಂಟ್ ಇರೋವಾಗ್ಲೇ ಕ್ಲಿಪ್ ತೆಗ್ದಿದಾರೆ. ತೆಗೀಲಾ ಅಂತ ಕೇಳಿಲ್ಲ ಅನ್ಸುತ್ತೆ" ಎಂದು ನನ್ನ ಮುಖ ನೋಡಿದ. ನನ್ನ ಕೂಗು ಅವನಿಗೆ ಕೇಳಿಸಿತ್ತು. ಅವನು ಜನರೇಟರನ್ನು ಟೆಂಟಿನ ಬಾಗಿಲಿಗೆ ತಂದದ್ದನ್ನು ನಾನೂ ಕಂಡಿದ್ದೆ. ಅವನು ನನ್ನ ಕೂಗಿನ ಮಾತು ಬಿಟ್ಟ, ನಾನು ಅವನ ಜನರೇಟರಿನ ಮಾತು ಬಿಟ್ಟೆ. "ಹೌದು, ಕೇಳಲಿಲ್ಲ" ಎಂದೆ. ಬೆಳಿಗ್ಗೆ ಒಬ್ಬರ ಮುಖ ಒಬ್ಬರು ಪರಚುವ ಹಾಗೆ ಜಗಳವಾಡಿದವರು ಮಧ್ಯಾಹ್ನದ ಹೊತ್ತಿಗೆ ಒಂದಾದೆವು, ಕಣ್ಣು ಕಟ್ಟಿಕೊಂಡು ಮಲಗಿದ್ದ ಒಬ್ಬನ ಮೇಲೆ ಎಲ್ಲವನ್ನೂ ಹೇರಿ. ಅವನ ಕಾಗದವೂ ಆಗ ಹೊರಗೆ ಬಂತು. ಏನೇ ಆದರೂ ಹೊಣೆ ನಮ್ಮದೇ ಎಂದು ನಾನೇ ಸಹಿ ಹಾಕಿಕೊಟ್ಟಿದ್ದೆನಂತೆ. ಇದನ್ನು ನೆನೆದರೆ ಇವತ್ತೂ ಹಲ್ಲು ಕಡಿಯುತ್ತೇನೆ. ಆದರೆ ಆ ಕಾಗದ ಹೇಳಿದ್ದು ನಿಜವೇ ಆಗಿತ್ತು. ಅದಕ್ಕೇ ಇರಬೇಕು ಅಷ್ಟು ಸಿಟ್ಟು.

ಸಂಜೆ ಮುನಿ ನನ್ನ ಕೈ ತಡವಿ ಹಿಡಿದುಕೊಂಡ.

"ಅಕ್ಕ, ನಾನು ಕೇಳಿದ್ನಾ?"

"ಏನು?"

"ತೆಗೀಲಾ ಅಂತ. ಕೇಳಿದ್ನಾ? ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ತಿಲ್ಲ. ಆ ಬ್ಯಾಟರಿ ಕುದೀತಿದ್ದುದು ನೆನಪಿದೆ, ಆಮೇಲೆ ಸದ್ದು. ಮಧ್ಯದ್ದು ಇಲ್ಲ."

ಅವನು ಆ ಜಾಗವನ್ನು ಖಾಲಿ ಬಿಟ್ಟು ನನ್ನ ಕೈಗೆ ಕೊಟ್ಟ. ನಾನು ಅದರಲ್ಲಿ ಸುಳ್ಳು ತುಂಬಿದೆ.

"ಇಲ್ಲ ಕಣೋ. ಕೇಳ್ಲಿಲ್ಲ."

"ಹಂಗಾದ್ರೆ ನಂದೇ" ಎಂದ. ಆಮೇಲೆ, "ಅಪ್ಪ ಇದ್ದಿದ್ರೆ ಒದೀತಿದ್ರು" ಎಂದು ನಕ್ಕ. ಆ ನಗೆಗೆ ನನ್ನ ಕೈಯನ್ನು ಬಿಡಿಸಿಕೊಂಡು, ನೀರು ತರುತ್ತೇನೆ ಎಂದು ಎದ್ದು ಹೋದೆ.

ಮುನಿಗೆ ಮತ್ತೆ ವ್ಯಾನು ಓಡಿಸಲು ಆಗಲಿಲ್ಲ. ಒಂದೇ ಕಣ್ಣಿಗೆ ಪಕ್ಕದ ಗಾಡಿ ಎಷ್ಟು ದೂರವಿದೆ ಎಂದು ತಿಳಿಯುತ್ತಿರಲಿಲ್ಲ. ವ್ಯಾನನ್ನು ಕೊಟ್ಟುಬಿಟ್ಟೆವು. ಕ್ಲಿಪ್ಪು ಮುಟ್ಟುವುದನ್ನಂತೂ ಅವನೇ ಬಿಟ್ಟ. ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು, ಚಾರ್ಜರಿಗೆ ಬೆನ್ನು ಮಾಡಿ ಕೂತು, ನಗರ್ತಪೇಟೆಯಿಂದ ತಂದ ವೈರು ಅಳೆದು ಕತ್ತರಿಸುತ್ತಾನೆ, ಗಿರಾಕಿಗಳ ಹತ್ತಿರ ಮಾತಾಡುತ್ತಾನೆ. ಯಾರಾದರೂ ಕಣ್ಣಿನ ವಿಷಯ ಕೇಳಿದರೆ ಕಥೆ ಹೇಳುತ್ತಾನೆ. ಆ ಕಥೆ ಈಗ ಹಾಸ್ಯವಾಗಿಬಿಟ್ಟಿದೆ. "ಕೇಳ್ದೆ ಕೈ ಹಾಕೋರಿಗೆ ಒಂದು ಕಣ್ಣು ಸಾಕು ಅಂತ ದೇವ್ರು ಇನ್ನೊಂದು ವಾಪಸ್ ತಗೊಂಡ ಸಾರ್" ಎನ್ನುತ್ತಾನೆ. ಗಿರಾಕಿಗಳು ನಗುತ್ತಾರೆ. ನಾನು ಒಳಗೆ ನಿಂತು ಅವರ ಮೇಲೆ ಹಲ್ಲು ಕಡಿಯುತ್ತೇನೆ.

ಮಂಗಳ ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ "ನಿಮ್ಮಪ್ಪನ ಹಾಗೇ ಆಗೋಯ್ತು ನೋಡು ನನ್ ಕೈನೂ" ಎಂದು ಮಗಳಿಗೆ ಹೇಳುತ್ತಾಳೆ. ನೆಂಟರು ಬಂದರೆ "ಅಜಾಗರೂಕತೆ, ಇನ್ನೇನು" ಎಂದು ಒಂದೇ ಪದದಲ್ಲಿ ನನ್ನ ತಮ್ಮನನ್ನು ಮುಗಿಸುತ್ತಾರೆ. ಒಮ್ಮೆ ಒಬ್ಬ ನೆಂಟನ ಮೇಲೆ ನಾನು ಎಗರಿ ಬಿದ್ದೆ. "ನೀವು ಅಲ್ಲಿದ್ರಾ? ನೋಡಿದ್ರಾ?" ಎಂದೆ. ಮುನಿಯೇ ನನ್ನನ್ನು ಸಮಾಧಾನ ಮಾಡಿದ. "ಬಿಡಕ್ಕ, ಅವ್ರು ಹೇಳೋದು ಸರಿನೇ ತಾನೇ." ಅಕ್ಕನಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಅವನ ಕಣ್ಣಲ್ಲಿ ನೀರು ಬಂತು. ಆ ಕುರುಡು ಕಣ್ಣಿನಲ್ಲೂ.

ಅವನು ತನ್ನನ್ನು ಹಳಿದುಕೊಂಡು ಸುಮ್ಮನಿದ್ದಿದ್ದರೆ ನಾನು ಹೀಗೆಯೇ ಸಾಯುತ್ತಿದ್ದೆನೋ ಏನೋ. ಆದರೆ ಈ ವರ್ಷ ಅದು ಚೈತ್ರಳಿಗೂ ತಗುಲಿತು. ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಬಂದವಳು. ಅಂಗಡಿಯಲ್ಲಿ ಕೂರುತ್ತೇನೆ, ಹೊಸ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಕೆಲಸವನ್ನೂ ಶುರು ಮಾಡೋಣ ಎಂದಳು. ಮುನಿ ಮೊದಲ ಸಲ ಅವಳ ಮೇಲೆ ದನಿ ಎತ್ತಿದ.

"ಬೇಡ. ಬೇರೆ ಏನಾದ್ರೂ ಮಾಡು. ನಿಂಗೆ ನನ್ ಕೈ ಬಂದಿದೆ. ಚಿಕ್ಕೋಳಿದ್ದಾಗ ಇಸ್ತ್ರಿಪೆಟ್ಟಿಗೆ ಮುಟ್ಟಿ ಸುಟ್ಕೊಂಡಿಲ್ವಾ? ಕೇಳ್ದೆ ಮುಟ್ಟೋ ಕೈ ಅದು."

"ಆಗ ನಂಗೆ ನಾಲ್ಕು ವರ್ಷ ಅಪ್ಪ."

"ನಂಗೆ ಮೂವತ್ತೆಂಟಾಗಿತ್ತು. ಏನು ಕಲಿತೆ?"

ಮಲ್ಲೇಶ್ವರದ ಒಂದು ಸೀರೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಗೊತ್ತುಮಾಡಿದ. ಮುಂದಿನ ಸೋಮವಾರದಿಂದ ಹೋಗಬೇಕು. ಚೈತ್ರ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾನು ಅವಳನ್ನು ತ್ಯಾಗರಾಜನಗರ ಕರೆದುಕೊಂಡು ಹೋದದ್ದು ಕನಿಕರದಿಂದ. ನಿಜ ಹೇಳುವ ಬದಲು ಕನಿಕರ ತೋರಿಸುವುದು ನನಗೆ ಚೆನ್ನಾಗಿ ರೂಢಿಯಾಗಿತ್ತು.

ಮೆಟ್ಟಿಲ ಕೆಳಗೆ ಬ್ಯಾಟರಿ ಕುದಿಯುತ್ತಿತ್ತು ಎಂದೆನಲ್ಲ. ಕಿಟಕಿ ಬಾಗಿಲು ತೆಗೆಸಿ, ಮನೆಯಾಕೆಯನ್ನು ಅಂಗಳಕ್ಕೆ ಕಳಿಸಿ, ಯುಪಿಎಸ್ಸಿನ ಸ್ವಿಚ್ಚು ಇದ್ದ ನಡುಮನೆಗೆ ನಾನು ಹೋದೆ. ಚೈತ್ರ ಕನ್ನಡಕ ಹಾಕಿಕೊಂಡು, ಮುಖ ಪಕ್ಕಕ್ಕಿಟ್ಟು, ಸ್ಪ್ಯಾನರು ಹಿಡಿದು ಕೂತಳು. ಗೋಡೆ ಅಡ್ಡ. ಅವಳು ನನಗೆ ಕಾಣಳು, ನಾನು ಅವಳಿಗೆ ಕಾಣೆ.

"ತೆಗೀಲಾ ಅತ್ತೆ?"

ಅದೇ ದನಿ. ಕೊನೆಯ ಅಕ್ಷರವನ್ನು ಮೇಲಕ್ಕೆ ಎಳೆಯುವ ಅದೇ ರೀತಿ. ನಾನು ಆಗಲೇ ಸ್ವಿಚ್ಚು ಆರಿಸಿದ್ದೆ, ಗೋಡೆಯ ಪ್ಲಗ್ಗನ್ನೂ ಕಿತ್ತಿದ್ದೆ. ಕೈ ಸ್ವಿಚ್ಚಿನ ಮೇಲೇ ಇತ್ತು. ಆದರೂ ನಂಬಿಕೆ ಬರಲಿಲ್ಲ. ಮತ್ತೆ ನೋಡಿದೆ, ಮತ್ತೆ ನೋಡಿದೆ.

"ಅತ್ತೆ? ಏನಾದ್ರೂ ಹೇಳಿ. ನೀವು ಹೇಳೋವರ್ಗೂ ಮುಟ್ಟಲ್ಲ ನಾನು."

ಯಾರು ಕಲಿಸಿದರು ಇದನ್ನು ಅವಳಿಗೆ? ನಾನಲ್ಲ. ಕಾಲೇಜಿನವರೂ ಅಲ್ಲ. ಚಾರ್ಜರಿಗೆ ಬೆನ್ನು ಮಾಡಿ ಕೂತ ಅವಳ ಅಪ್ಪ, ತಾನು ಕೇಳಲಿಲ್ಲ ಎಂಬ ಕೊರಗಿನಲ್ಲಿ, ಮಗಳಾದರೂ ಕೇಳಲಿ ಎಂದು ಏಳು ವರ್ಷ ಹೇಳಿ ಹೇಳಿ ಅವಳ ಬಾಯಲ್ಲಿ ಇದನ್ನು ಕೂರಿಸಿದ್ದಾನೆ. ಇವಳದು ಕೇಳುವ ಕೈ. ಅಪ್ಪನ ಕೈಯೇ ಬಂದಿದೆ ಇವಳಿಗೆ, ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಅವನಿಗೆ ಸುಳ್ಳು ಹೇಳಿದವಳು ನಾನು. ಆ ಸುಳ್ಳಿನ ಮೇಲೆ ಈ ಹುಡುಗಿ ಸೋಮವಾರದಿಂದ ಸೀರೆಗೆ ಬಿಲ್ ಹಾಕಬೇಕು. ಆಗ ನನ್ನ ಮೇಲೆ ನನಗೆ ಬಂದ ಸಿಟ್ಟು ವಿನಯನ ಮೇಲೂ ಎಂದೂ ಬಂದಿರಲಿಲ್ಲ.

"ತೆಗಿಯಮ್ಮ" ಎಂದೆ. ಅವಳು ತೆಗೆದಳು. ಏನೂ ಆಗಲಿಲ್ಲ.

ವಾಪಸು ಆಟೋದಲ್ಲಿ ಅವಳು ಏನೇನೋ ಮಾತಾಡುತ್ತಿದ್ದಳು. ನನಗೆ ಒಂದೂ ಕೇಳಿಸಲಿಲ್ಲ. ಅಂಗಡಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಮುನಿ ಸ್ಟೂಲಿನ ಮೇಲೆ ಕೂತು ವೈರು ಕತ್ತರಿಸುತ್ತಿದ್ದ. ಮಂಗಳ ಊಟಕ್ಕೆ ಕರೆಯಲು ಬಂದು ನಿಂತಿದ್ದಳು. ಮಗಳ ಕೈಯಲ್ಲಿ ಸ್ಪ್ಯಾನರು ನೋಡಿ ಮುನಿಯ ಮುಖ ಬಿಗಿಯಿತು.

"ಎಲ್ಲಿಗೆ ಕರ್ಕೊಂಡು ಹೋಗಿದ್ದೆ ಅಕ್ಕ ಇವಳನ್ನ?"

ನಾನು ನೇರ ಒಳಗೆ ಹೋದೆ. ಸಾಲಿನಲ್ಲಿ ಐದು ಬ್ಯಾಟರಿ ಚಾರ್ಜಿಗಿದ್ದವು. ಅಪ್ಪನ ಚಾರ್ಜರಿನ ಸ್ವಿಚ್ಚು ಆರಿಸಿದೆ. ಅದರ ಗುಂಯ್ ಎನ್ನುವ ಸದ್ದು ನಿಂತಾಗ ಅಂಗಡಿ ಬೇರೆಯೇ ಆಗುತ್ತದೆ. ಮುನಿ ಈ ಕಡೆ ತಿರುಗದೆಯೇ ಕೇಳಿದ.

"ಕರೆಂಟ್ ಹೋಯ್ತಾ?"

"ಇಲ್ಲ. ನಾನೇ ಆಫ್ ಮಾಡ್ದೆ."

"ಯಾಕೆ?"

ಹೊರಗೆ ಬಂದು ಅವನ ಮುಂದೆ ಫುಟ್‌ಪಾತಿನ ಮೇಲೇ ಕುಕ್ಕರಗಾಲಿನಲ್ಲಿ ಕೂತೆ, ಅವನು ಅವತ್ತು ಬ್ಯಾಟರಿಗಳ ಮುಂದೆ ಕೂತಿದ್ದ ಹಾಗೆ. ಅವನ ಬಲಗಣ್ಣಿಗೆ ನಾನು ಕಾಣಬೇಕೆಂದು ಸ್ವಲ್ಪ ಸರಿದು ಕೂತೆ. ಮಂಗಳ, ಚೈತ್ರ ಇಬ್ಬರೂ ಅಲ್ಲೇ ಇದ್ದರು. ಇರಲಿ, ಅವರಿಗೂ ಕೇಳಲಿ ಎಂದು ಕೂಗಿಯೇ ಹೇಳಿದೆ.

"ಮುನಿ, ಅವತ್ತು ನೀನು ಕೇಳ್ದೆ ಕಣೋ. ತೆಗೀಲಾ ಅಕ್ಕ ಅಂತ ಜೋರಾಗೇ ಕೇಳ್ದೆ. ನಾನು ಚಾರ್ಜರ್ ಹತ್ರ ಇರ್ಲಿಲ್ಲ. ಆ ವಿನಯನ ಜೊತೆ ಜಗಳ ಗೆಲ್ಲೋಕೆ ನಿಂತಿದ್ದೆ. ಅಲ್ಲಿಂದಲೇ, ತಿರುಗೀನೂ ನೋಡದೆ, ತೆಗಿ ಅಂದ್ಬಿಟ್ಟೆ. ಆಸ್ಪತ್ರೇಲಿ ನೀನು ನನ್ನ ಕೇಳ್ದಾಗ ಸುಳ್ಳು ಹೇಳ್ದೆ. ನಿನ್ ಕೈ ಯಾವತ್ತೂ ತಪ್ಪು ಮಾಡಿಲ್ಲ, ನಿನ್ ಮಗಳ ಕೈನೂ ಮಾಡಲ್ಲ. ತಪ್ಪು ನಂದು. ನಿನ್ ಕಣ್ಣು ಹೋಗಿದ್ದು ನನ್ನಿಂದ. ತಪ್ಪಾಯ್ತು ಕಣಪ್ಪ, ನನ್ನ ಕ್ಷಮಿಸು."